ಏಳದ ರೆಪ್ಪೆ, ಇಳಿಯದ ಮುದ್ದೆ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ದಿನವೆಲ್ಲ ಹೊಲಿಗೆ ಮೆಷಿನ್ ಮುಂದೆ ಕೂರುವವಳಿಗೆ ಸೂಜಿಯ ಭಯವೇ ಎಂದು ಜನ ನಗುತ್ತಾರೆ. ಸೂಜಿ ತನ್ನ ಉಗುರಿನೊಳಗೆ ಹೊಕ್ಕು ಆಚೆ ಬಂದದ್ದನ್ನು ಕಣ್ಣಾರೆ ನೋಡಿದವಳಿಗೆ ಅದರ ಭಯ ಬೇರೆಯವರಿಗಿಂತ ಹೆಚ್ಚೇ ಇರುತ್ತದೆ. ಜೀನ್ಸ್ ಬಟ್ಟೆಯ ನಾಲ್ಕು ಪದರ ತೂರಿ ಹೋಗುವ ಸೂಜಿಗೆ ಬೆರಳು ಯಾವ ಲೆಕ್ಕ? ಅಂಥ ನನಗೆ ಕಣ್ಣಿಗೇ ಹೊಲಿಗೆ ಹಾಕುತ್ತೇವೆ ಅಂದರು. ಅಂಜಿದವಳ ಮೇಲೆ ಕಪ್ಪೆ ಎಸೆದ ಹಾಗಾಯಿತು.

ನನ್ನ ತವರು ಆಂಧ್ರದ ಮಡಕಶಿರಾ ಕಡೆ, ಹೇಮಾವತಿ ಎಂಬ ಊರಿಗೆ ಹತ್ತಿರದ ಒಂದು ಹಳ್ಳಿ. ಓದು ನಿಂತ ಮೇಲೆ ಊರಿನ ಹುಡುಗಿಯರ ಜೊತೆ ವ್ಯಾನ್ ಹತ್ತಿ ಹಿಂದೂಪುರದ ಕಡೆ ಗಾರ್ಮೆಂಟ್ಸಿಗೆ ಹೋಗಿ ಹೊಲಿಗೆ ಕಲಿತೆ. ಮದುವೆಯಾಗಿ ಅದೇ ಆಂಧ್ರದ, ಬಳ್ಳಾರಿಗೆ ಹತ್ತಿರದ ರಾಯದುರ್ಗಕ್ಕೆ ಬಂದಾಗ ಆ ಕಲಿಕೆಯೇ ನನ್ನ ಕೈ ಹಿಡಿಯಿತು. ರಾಯದುರ್ಗದಲ್ಲಿ ಯಾವ ಓಣಿಗೆ ಹೋದರೂ ಮೆಷಿನ್ ಸದ್ದು, ಯಾವ ಕಟ್ಟೆಯ ಮೇಲೂ ಪ್ಯಾಂಟಿನ ರಾಶಿ. ನನ್ನ ಯಜಮಾನರು ಬೆಂಗಳೂರಿನಲ್ಲಿ ಕಟಿಂಗ್ ಕೆಲಸಕ್ಕಿದ್ದರು, ಹಬ್ಬಕ್ಕೆ ಬರುತ್ತಿದ್ದರು. ಮನೆಯಲ್ಲಿ ನಾನು, ನಮ್ಮತ್ತೆ ಇಬ್ಬರೇ. ಇಬ್ಬರೂ ಒಂದೇ ಶೆಡ್ಡಿಗೆ ಹೋಗುತ್ತಿದ್ದೆವು. ನಾನು ಪ್ಯಾಂಟಿಗೆ ಚೈನ್ ಹಾಕುವವಳು, ಅತ್ತೆ ನೆಲದ ಮೇಲೆ ಕೂತು ಹೊಲಿದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುವವರು.

ಅತ್ತೆ ಮನೆಯಲ್ಲಿ ನನಗಿದ್ದ ಒಂದೇ ಕೊರತೆ ಊಟದ್ದು. ಅವರದು ಜೋಳದ ರೊಟ್ಟಿ, ನಮ್ಮದು ರಾಗಿ ಮುದ್ದೆ. ನಮ್ಮ ಕಡೆ ಅದನ್ನು ಹಿಟ್ಟು ಎನ್ನುತ್ತೇವೆ. ಹಿಟ್ಟು ಅಗಿಯುವ ಪದಾರ್ಥವಲ್ಲ. ಮುರಿದು, ಸಾರಲ್ಲಿ ಹೊರಳಿಸಿ, ಬಾಯಿಗಿಟ್ಟು ನುಂಗಬೇಕು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ನೋಡಿದವರು ನಗುತ್ತಾರೆ. ನಮ್ಮಮ್ಮನ ಪ್ರಕಾರ ಹಿಟ್ಟು ಅಗಿಯುವವರು ಮೂರೇ ಜಾತಿ: ಹಸುಗೂಸು, ಪೇಟೆಯವರು, ಕಾಯಿಲೆಯವರು. ಚಿಕ್ಕಂದಿನಲ್ಲಿ ನಾನು ಅಗಿಯುತ್ತಿದ್ದರೆ ದವಡೆಗೆ ಒಂದು ತಟ್ಟಿ, "ನುಂಗೇ, ಹಿಟ್ಟಿಗೆ ಮರ್ಯಾದೆ ಕೊಡು" ಅನ್ನುತ್ತಿದ್ದಳು.

ರೆಪ್ಪೆ ಬೀಳತೊಡಗಿದ್ದು ಯಾವಾಗ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಮೊದಲು ಕಂಡುಹಿಡಿದವನು ನಮ್ಮ ಶೆಡ್ಡಿನ ಮೇಸ್ತ್ರಿ. ಮಧ್ಯಾಹ್ನದ ಊಟ ಮುಗಿಸಿ ಕೂತಿದ್ದೆ. "ಏಮ್ಮಾ, ನಿದ್ರ ವಸ್ತೋಂದಾ?" ಎಂದು ತೆಲುಗಿನಲ್ಲಿ ಕೇಳಿದ. ನಿದ್ದೆ ಇಲ್ಲ ಎಂದೆ. ಮಾರನೆಯ ದಿನವೂ ಕೇಳಿದ. ಆಮೇಲೆ ಅತ್ತೆಯೂ ಶುರು ಮಾಡಿದರು.

"ಯಾಕವಾ, ಒಂದ ಕಣ್ಣಾಗ ನಿದ್ದಿ ಮಾಡಾಕತ್ತಿಯೇನು?"

ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಎಡಗಣ್ಣಿನ ಮೇಲ್ರೆಪ್ಪೆ ಅರ್ಧ ಇಳಿದಿತ್ತು, ಅಂಗಡಿಯವರು ಮಧ್ಯಾಹ್ನ ಶಟರ್ ಅರ್ಧ ಎಳೆದಿಡುವ ಹಾಗೆ. ಎತ್ತಲು ಪ್ರಯತ್ನಿಸಿದರೆ ಹುಬ್ಬು ಮೇಲೆ ಹೋಗುತ್ತಿತ್ತು, ರೆಪ್ಪೆ ಬರುತ್ತಿರಲಿಲ್ಲ. ನನ್ನ ಮುಖದ ಒಂದು ಭಾಗ ನನ್ನ ಮಾತು ಕೇಳುತ್ತಿಲ್ಲ ಎಂದು ಗೊತ್ತಾದಾಗ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಹೆಚ್ಚುಕಡಿಮೆ ಸರಿಯಾಗಿತ್ತು. ಸದ್ಯ ಎಂದು ಕೆಲಸಕ್ಕೆ ಹೋದೆ. ಸಂಜೆಗೆ ಮತ್ತೆ ಬಿತ್ತು.

ಅತ್ತೆ ದೃಷ್ಟಿ ಎಂದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನನಗೆ ಬಟ್ಟೆಯ ನೀಲಿಯ ಮೇಲೆ ಅನುಮಾನ. ಜೀನ್ಸಿನ ಬಣ್ಣ ಕೈಗೆ ಹತ್ತುತ್ತದೆ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತೇವೆ. ನಾಲ್ಕಾರು ದಿನ ಕಣ್ಣು ಮುಟ್ಟಲೇ ಇಲ್ಲ. ಏನೂ ಬದಲಾಗಲಿಲ್ಲ. ಕೊನೆಗೆ ಒಂದು ಉಪಾಯ ಹೂಡಿದೆ. ಕತ್ತರಿಸಿದ ಬಟ್ಟೆಯ ತುಂಡುಗಳು ಕಲೆಸಿಹೋಗದಿರಲಿ ಎಂದು ಅಂಟಿಸುವ ನಂಬರಿನ ಚಿಕ್ಕ ಚೀಟಿಗಳಿರುತ್ತವೆ. ಅಂಥದ್ದೊಂದನ್ನು ರೆಪ್ಪೆಗೂ ಹುಬ್ಬಿನ ಕೆಳಗಿನ ಚರ್ಮಕ್ಕೂ ಸೇರಿಸಿ ಅಂಟಿಸಿಕೊಂಡೆ. ಕಣ್ಣು ತೆರೆಯಿತು. ಪಕ್ಕದ ಮೆಷಿನ್‌ನವಳು ನೋಡಿ, "ಅಕ್ಕಾ, ನಿಮ್ಮ ಕಣ್ಣು ಯಾವ ಸೈಜಿನ ಪ್ಯಾಂಟಿಗ್ರಿ?" ಎಂದು ನಕ್ಕಳು. ನಾನೂ ನಕ್ಕೆ. ನಗದೆ ಏನು ಮಾಡಲಿ, ಅಳು ಬಂದರೆ ಚೀಟಿ ಬಿಚ್ಚಿಕೊಳ್ಳುತ್ತಿತ್ತು.

ಒಂದು ಸಂಜೆ ಎರಡೂ ಕಣ್ಣು ತೆರೆದಿದ್ದಾಗಲೇ ಒಂದು ಸೂಜಿ ಎರಡಾಗಿ ಕಂಡಿತು. ಪಕ್ಕಪಕ್ಕದಲ್ಲಿ ಎರಡು, ಎರಡೂ ಏರುತ್ತಿವೆ, ಇಳಿಯುತ್ತಿವೆ. ಯಾವುದು ನಿಜದ್ದು ಎಂದು ತಿಳಿಯದೆ ಕೈ ಹಿಂದಕ್ಕೆ ಎಳೆದುಕೊಂಡೆ. ಕಾಲು ಪೆಡಲಿನಿಂದ ತೆಗೆಯಲು ಮರೆತೆ. ಮೆಷಿನ್ ಬಟ್ಟೆಯಿಲ್ಲದೆ ಬರಿದೇ ಓಡಿತು. ಮೇಸ್ತ್ರಿ ಬಂದು ಸ್ವಿಚ್ ಆರಿಸುವ ತನಕ ನಾನು ಎರಡು ಕೈಯನ್ನೂ ಎದೆಗೆ ಒತ್ತಿಕೊಂಡು ಕೂತಿದ್ದೆ. ಕಣ್ಣು ಹೋದರೆ ನಾನು ಯಾರು? ಅತ್ತೆಯ ಪಕ್ಕ ಕೂತು ದಾರ ಕತ್ತರಿಸಲೂ ಕಣ್ಣು ಬೇಕು.

ಅತ್ತೆ ಮಾರನೆಯ ದಿನವೇ ನನ್ನನ್ನು ಕರೆದುಕೊಂಡು ಬಳ್ಳಾರಿಯ ಬಸ್ಸು ಹತ್ತಿದರು. ಅಲ್ಲಿನ ಒಂದು ಕಣ್ಣಾಸ್ಪತ್ರೆ. ಬೆಳಗಿನ ಬಸ್ಸು, ಸ್ನಾನ ಮಾಡಿ, ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ಹೋಗಿದ್ದೆ. ಡಾಕ್ಟರಮ್ಮನ ಮುಂದೆ ಕೂತಾಗ ನನ್ನ ರೆಪ್ಪೆಯೂ ಒಳ್ಳೆಯ ನಡತೆಯಿಂದಿತ್ತು, ಸ್ವಲ್ಪವೇ ಇಳಿದಿತ್ತು. ಅತ್ತೆಯನ್ನು ಹೊರಗೆ ಕೂರಿಸಿದ್ದರು. ಡಾಕ್ಟರಮ್ಮ ಚಿಕ್ಕ ಸ್ಕೇಲಿನಿಂದ ಅಳೆದರು. ಆಮೇಲೆ ಒಂದೊಂದಾಗಿ ಕೇಳಿದರು.

"ಹುಟ್ಟಿದಾಗಿಂದ ಹೀಗೇನಾ?"

"ಇಲ್ಲ್ರಿ, ಈಚೆಗೆ."

"ಸಂಜೆಗೆ ಜಾಸ್ತಿ ಆಗುತ್ತಾ?"

ನಮ್ಮ ಶೆಡ್ಡಿನಲ್ಲಿ ಸಂಜೆಗೆ ಎಲ್ಲರ ಕಣ್ಣೂ ಸೋಲುತ್ತವೆ. ಅದನ್ನೂ ರೋಗ ಎಂದು ಹೇಳಿಕೊಂಡರೆ ಡಾಕ್ಟರು ನಗುತ್ತಾರೆ ಅನ್ನಿಸಿತು. ಇಲ್ಲ ಎಂದೆ. ಎರಡೆರಡು ಕಾಣುತ್ತದೆಯೇ ಎಂದರು. ಹೌದು ಎಂದರೆ ಕಣ್ಣೇ ಹೋಗಿದೆ ಎನ್ನುತ್ತಾರೆಂದು ಹೆದರಿ, ಅದಕ್ಕೂ ಇಲ್ಲ ಎಂದೆ. ಊಟ ನುಂಗಲು ಕಷ್ಟವೇ ಎಂದು ಕೇಳಿದಾಗ ಮಾತ್ರ ನಿಜವಾಗಿಯೂ ಆಶ್ಚರ್ಯವಾಯಿತು. ಕಣ್ಣಿಗೆ ಬಂದವಳ ಗಂಟಲು ಇವರಿಗೇಕೆ? ಚೆನ್ನಾಗಿಯೇ ತಿನ್ನುತ್ತೇನೆ ಎಂದೆ.

ಡಾಕ್ಟರಮ್ಮ ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ತಾಳ್ಮೆಯಿಂದ ವಿವರಿಸಿದರು. ರೆಪ್ಪೆ ಎತ್ತುವ ಒಂದು ಸ್ನಾಯು ಇದೆ. ಅದು ಸಡಿಲವಾಗಿದ್ದರೆ ರೆಪ್ಪೆಯ ಮಡಿಕೆಯಲ್ಲಿ ಸಣ್ಣಗೆ ಕೊಯ್ದು, ಸ್ನಾಯುವನ್ನು ಬಿಗಿ ಮಾಡಿ ಹೊಲಿಯುತ್ತಾರೆ. ಕೆಲವರಿಗೆ ಆ ಸ್ನಾಯುವಿಗೆ ಶಕ್ತಿಯೇ ಇರುವುದಿಲ್ಲ. ಅಂಥವರಿಗೆ ರೆಪ್ಪೆಯೊಳಗಿಂದ ಒಂದು ಎಳೆ ತೂರಿಸಿ ಹಣೆಯ ಸ್ನಾಯುವಿಗೆ ಕಟ್ಟುತ್ತಾರೆ, ಹುಬ್ಬು ಎತ್ತಿದರೆ ರೆಪ್ಪೆ ಏಳುತ್ತದೆ. ಕೊಯ್ಯುವುದು ಬೇಡವೆಂದರೆ ಕನ್ನಡಕದ ಒಳಬದಿಗೆ ಸಣ್ಣ ಕಂಬಿ ಕೂರಿಸಿ ರೆಪ್ಪೆಗೆ ಆಸರೆ ಕೊಡಬಹುದು. ಒಂದು ಬಗೆಯ ಹನಿ ಔಷಧಿಯೂ ಇದೆ, ಅದು ಎಲ್ಲರಿಗೂ ಅಲ್ಲ, ಹಾಕಿದಷ್ಟು ಹೊತ್ತು ಮಾತ್ರ.

"ಕಂಬಿ ಕನ್ನಡಕ ಕೊಡ್ರಿ," ಎಂದೆ ತಕ್ಷಣ.

"ಕೊಡಬಹುದು. ಆದರೆ ನೀವು ದಿನವೆಲ್ಲ ಬಗ್ಗಿ ಹೊಲಿಯೋರು. ಜಾರುತ್ತೆ, ಚುಚ್ಚುತ್ತೆ, ರೆಪ್ಪೆ ಮಿಟುಕಿಸೋಕಾಗದೆ ಕಣ್ಣು ಒಣಗುತ್ತೆ. ನಿಮ್ಮ ವಯಸ್ಸಿಗೆ ಆಪರೇಷನ್ ಒಳ್ಳೇದು ಅನ್ಸುತ್ತೆ."

ಆಪರೇಷನ್‌ಗೆ ಮತ್ತು ಬರಿಸುತ್ತೀರಾ ಎಂದು ಕೇಳಿದೆ. ಅವರು ಸಮಾಧಾನ ಮಾಡಲೆಂದೇ ಹೇಳಿದ ಮಾತು ನನ್ನ ಪ್ರಾಣ ತೆಗೆಯಿತು. ರೆಪ್ಪೆಗೆ ಮಾತ್ರ ಮರಗಟ್ಟುವ ಇಂಜೆಕ್ಷನ್. ನಾನು ಎಚ್ಚರವಾಗಿಯೇ ಇರಬೇಕು. ಅರ್ಧ ಹೊಲಿದ ಮೇಲೆ ಎಬ್ಬಿಸಿ ಕೂರಿಸಿ, ಕಣ್ಣು ಬಿಡಿ ಎನ್ನುತ್ತಾರಂತೆ, ಎರಡೂ ಸಮ ಬಂದಿದೆಯೇ ಎಂದು ನೋಡಲು. ಪ್ಯಾಂಟು ಅರ್ಧ ಹೊಲಿದು ಗಿರಾಕಿಗೆ ತೊಡಿಸಿ ನೋಡಿದಂತೆ. ಆಮೇಲೆ ಕೆಲವು ವಾರ ನಿದ್ದೆಯಲ್ಲಿ ಆ ಕಣ್ಣು ಪೂರ್ತಿ ಮುಚ್ಚದೇ ಇರಬಹುದು, ಮುಲಾಮು ಹಚ್ಚಿಕೊಂಡು ಮಲಗಬೇಕು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಏನೇನೋ ಹೇಳುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಒಂದೇ. ನಾನು ನಿದ್ದೆ ಹೋಗಿದ್ದೇನೆ, ನನ್ನ ಒಂದು ಕಣ್ಣು ಮಾತ್ರ ತೊಲೆ ನೋಡುತ್ತಿದೆ.

ಆಪರೇಷನ್‌ಗೆ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಅಮ್ಮನನ್ನು ನೋಡಿ ಬರುತ್ತೇನೆಂದು ತವರಿಗೆ ಹೋದೆ. ನಿಜ ಹೇಳಬೇಕೆಂದರೆ ತಪ್ಪಿಸಿಕೊಳ್ಳಲು ಹೋದೆ. ಅಮ್ಮ ಸಂಜೆ ಬಿಸಿ ಹಿಟ್ಟು ತೊಳಸಿ, ಹುರುಳಿ ಸಾರು ಮಾಡಿ, ತಟ್ಟೆಗೆ ದೊಡ್ಡ ಮುದ್ದೆ ಇಟ್ಟಳು. ಎಷ್ಟೋ ತಿಂಗಳ ಆಸೆ. ಮುರಿದೆ, ಹೊರಳಿಸಿದೆ, ನುಂಗಿದೆ. ಎರಡನೆಯ ತುತ್ತು ಗಂಟಲಲ್ಲಿ ನಿಂತುಬಿಟ್ಟಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ನೀರು ಕುಡಿದರೆ ಅದು ಮೂಗಿನಲ್ಲಿ ಬಂತು. ಅಮ್ಮ ಬೆನ್ನಿಗೆ ಗುದ್ದಿದಳು. ಹೇಗೋ ಇಳಿದ ಮೇಲೆ ನನಗೆ ನಾಚಿಕೆ, ಅವಳಿಗೆ ನಗು.

"ರೊಟ್ಟಿ ತಿಂದೂ ತಿಂದೂ ಹಿಟ್ಟು ನುಂಗಾದೇ ಮರ್ತವ್ಳೆ. ಅಗೀತೀಯೇನೇ ಈಗ? ಹಲ್ಲು ಬೀಳೋ ಮುದುಕೀನಾ ನೀನು?"

ನನಗೂ ಹಾಗೇ ಅನ್ನಿಸಿತು. ಮದುವೆಯಾಗಿ ಬೇರೆ ಕಡೆ ಹೋದವಳ ಮಾತು ಬದಲಾಗುತ್ತದೆ, ಸೀರೆ ಉಡುವ ರೀತಿ ಬದಲಾಗುತ್ತದೆ, ಗಂಟಲೂ ಬದಲಾಗಿರಬೇಕು. ಅದು ರೋಗವಿರಬಹುದೆಂಬ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ. ಉಳಿದ ಹಿಟ್ಟನ್ನು ಅಮ್ಮ ಕಾಣದಂತೆ ಚೂರುಚೂರೇ ಅಗಿದು ತಿಂದೆ. ತಪ್ಪಿಸಿಕೊಳ್ಳುವ ಉಪಾಯ ಅಲ್ಲಿಯೂ ಸಿಗಲಿಲ್ಲ. ಅಮ್ಮ ತಾನೂ ಬಳ್ಳಾರಿಗೆ ಬರುತ್ತೇನೆಂದು ಹೊರಟಳು.

ಆಸ್ಪತ್ರೆಯಲ್ಲಿ ನನಗೆ ಹಸಿರು ಅಂಗಿ ತೊಡಿಸಿ ಹಾಸಿಗೆಯ ಮೇಲೆ ಕೂರಿಸಿದರು. ಅತ್ತೆ ಒಂದು ಪಕ್ಕ, ಅಮ್ಮ ಒಂದು ಪಕ್ಕ. ಡಾಕ್ಟರಮ್ಮ ಬಂದು ನೀಲಿ ಪೆನ್ನಿನಿಂದ ನನ್ನ ರೆಪ್ಪೆಯ ಮೇಲೆ ಗೆರೆ ಎಳೆದು, ಕೈ ತೊಳೆದು ಬರುತ್ತೇನೆಂದು ಹೋದರು. ಗೆರೆ ಬಿದ್ದ ಮೇಲೆ ಕತ್ತರಿ ಬರುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಊರಿನ ಸಿದ್ದೇಶ್ವರನನ್ನು ನೆನೆದು, ಈ ಒಂದು ಗೆರೆ ಕತ್ತರಿ ಕಾಣದಂತೆ ಮಾಡಪ್ಪ, ಇನ್ನೇನೂ ಕೇಳುವುದಿಲ್ಲ ಎಂದು ಬೇಡಿಕೊಂಡೆ. ಹೀಗೆ ಬೇಡಬಾರದಿತ್ತೇನೋ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಆಗ ಇಬ್ಬರು ಬೀಗಿತಿಯರ ಜಗಳ ಶುರುವಾಯಿತು. ಆಪರೇಷನ್ ಮುಗಿದ ಮೇಲೆ ಮಗಳಿಗೆ ಕೊಡಲೆಂದು ಅಮ್ಮ ಡಬ್ಬಿಯಲ್ಲಿ ಹಿಟ್ಟು ತಂದಿದ್ದಳು. ಅತ್ತೆ ರೊಟ್ಟಿ ತಂದಿದ್ದರು.

"ಆಸ್ಪತ್ರಿಗೆ ಹಿಟ್ಟ ಯಾಕ ತಂದ್ರಿ ಬೀಗ್ತಿ? ನಾ ಮೆತ್ತನ್ನ ರೊಟ್ಟಿ ಮಾಡ್ಕೊಂಡು ಬಂದೀನಲ್ಲ," ಎಂದರು ಅತ್ತೆ.

"ನಿಮ್ಮ ರೊಟ್ಟೀನೇ ಕಣವ್ವ ನನ್ನ ಮಗಳನ್ನ ಹಾಳು ಮಾಡಿದ್ದು," ಎಂದಳು ಅಮ್ಮ. "ಮೊನ್ನೆ ಹಿಟ್ಟು ಇಕ್ಕಿದ್ರೆ ಗಂಟ್ಲಾಗೆ ಸಿಗಾಕ್ಕಂತು. ನೀರು ಕುಡುದ್ರೆ ಮೂಗಾಗೆ ಬತ್ತೈತೆ. ಒಣಾ ರೊಟ್ಟಿ ತಿನ್ಸಿ ತಿನ್ಸಿ ಗಂಟ್ಲೇ ಬತ್ತೋಗೈತೆ."

"ನಮ್ಮ ರೊಟ್ಟಿಗೆ ಏನಾಗೇತ್ರಿ? ಮುಂಜಾನಿ ಚಂದಾಗೇ ತಿಂತಾಳ. ರಾತ್ರಿ ಉಣ್ಣಾಕ ಕುಂತಾಗ ಅಷ್ಟ, ಅಗಿಯೂತ ಅಗಿಯೂತ ದವಡಿ ಕೈಲೆ ಹಿಡ್ಕಂತಾಳ. ಅದು ರೊಟ್ಟಿ ತಪ್ಪಾ? ಸಾಕಾಗಿರ್ತೈತಿ ಹುಡುಗಿಗೆ."

ದವಡೆ ಹಿಡಿದುಕೊಳ್ಳುತ್ತೇನೆಯೇ? ನನಗೇ ಗೊತ್ತಿರಲಿಲ್ಲ. ಬಾಗಿಲ ಹತ್ತಿರ ಡಾಕ್ಟರಮ್ಮ ಒದ್ದೆ ಕೈಗಳನ್ನು ಮೇಲೆತ್ತಿ ಹಿಡಿದು ನಿಂತಿದ್ದರು. ಅವರ ಮುಖ ನೋಡಿ ಅಮ್ಮ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಗದರುತ್ತಾರೆ ಎಂದುಕೊಂಡೆ.

"ಅಮ್ಮಾ, ಏನಂದ್ರಿ? ಇನ್ನೊಂದ್ಸಲ ಹೇಳಿ," ಎಂದರು ಅತ್ತೆಗೆ. ಆಮೇಲೆ ಅಮ್ಮನ ಕಡೆ ತಿರುಗಿ, "ನೀರು ಮೂಗಲ್ಲಿ ಬಂತಾ? ಯಾವತ್ತು?"

ಅವರು ನನ್ನ ಎದುರು ಕೂತು ಒಂದು ಬೆರಳನ್ನು ಮೇಲೆ ಹಿಡಿದು, ಅದನ್ನೇ ನೋಡಬೇಕು, ಮಿಟುಕಿಸಬಾರದು ಎಂದರು. ನೋಡಿದೆ. ಎಡರೆಪ್ಪೆ ನಿಧಾನ ಇಳಿಯತೊಡಗಿತು. ನಾನು ಬಲಗಣ್ಣಿನಿಂದ ಬೆರಳು ನೋಡುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಬೆರಳ ತುದಿ ಮರೆಯಾಯಿತು. ಬಲರೆಪ್ಪೆಯೂ ಇಳಿಯುತ್ತಿತ್ತು. ಅತ್ತೆ ನನ್ನ ತೋಳು ಹಿಡಿದುಕೊಂಡರು. ನರ್ಸ್ ಕೈಗವಸಿನಲ್ಲಿ ಐಸ್ ತುಂಬಿ ತಂದರು. ಡಾಕ್ಟರಮ್ಮ ಅದನ್ನು ಎಡಗಣ್ಣಿನ ಮೇಲೆ ಒತ್ತಿ ಹಿಡಿದು, ತೆಗೆದು, ಕನ್ನಡಿ ಕೊಟ್ಟರು. ತಿಂಗಳುಗಟ್ಟಲೆ ಚೀಟಿಗೆ, ನಿವಾಳಿಗೆ ಬಗ್ಗದ ರೆಪ್ಪೆ ಎದ್ದು ನಿಂತಿತ್ತು. ನೀಲಿ ಗೆರೆ ಮಡಿಕೆಯೊಳಗೆ ಅಡಗಿಹೋಗಿತ್ತು.

"ಇದನ್ನ ಹೊಲಿದು ಸರಿಮಾಡೋಕಾಗಲ್ಲ," ಎಂದರು ಅವರು. "ಆಪರೇಷನ್ ಬೇಡ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಅಮ್ಮ ಆಗಲೇ ಕೈ ಮುಗಿಯುತ್ತಿದ್ದಳು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಮಯಸ್ತೀನಿಯಾ ಎಂಬ ಹೆಸರು ಹೇಳಿದರು. ಸ್ನಾಯು ಸಡಿಲವಾಗಿಲ್ಲ, ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ಮುಟ್ಟುತ್ತಿಲ್ಲ, ಕೆಲಸ ಮಾಡಿದಷ್ಟೂ ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ, ಐಸಿನ ತಂಪು ತಾಗಿದರೆ ಸ್ವಲ್ಪ ಹೊತ್ತು ಚೇತರಿಸಿಕೊಳ್ಳುತ್ತದೆ. ಮಾತ್ರೆಗಳಿವೆ, ನರದ ಡಾಕ್ಟರನ್ನು ಇವತ್ತೇ ನೋಡಬೇಕು. ಈ ಕಾಯಿಲೆ ಇರುವವರಿಗೆ ಕೆಲವು ಔಷಧಿಗಳು ಆಗುವುದಿಲ್ಲ, ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ಹೇಳಬೇಕು. ಆಮೇಲೆ ಒಂದು ಮಾತು ಸೇರಿಸಿದರು.

"ಎಂಜಲು ನುಂಗೋಕೂ ಆಗ್ತಿಲ್ಲ ಅನ್ನಿಸಿದರೆ, ಉಸಿರು ಸಾಲ್ತಿಲ್ಲ ಅನ್ನಿಸಿದರೆ, ಆ ಕ್ಷಣ ದೊಡ್ಡಾಸ್ಪತ್ರೆಗೆ ಬನ್ನಿ. ಬೆಳಗಾಗಲಿ ಅಂತ ಕಾಯಬೇಡಿ."

ಕತ್ತರಿಯ ಭಯಕ್ಕೆ ಒಂದು ಕೊನೆ ಇತ್ತು. ಹೊಲಿಗೆ ಬಿಚ್ಚಿದ ದಿನ ಅದು ಮುಗಿಯುತ್ತಿತ್ತು. ಈ ಭಯಕ್ಕೆ ಹೊಲಿಗೆಯೇ ಇಲ್ಲ. ಕಣ್ಣು ಹೋದರೆ ನಾನು ಯಾರು ಎಂದು ಅಳುತ್ತಿದ್ದವಳು ಈಗ ಉಸಿರನ್ನು ಕಾಯುತ್ತಾ ಮಲಗಬೇಕಾಯಿತು. ರೆಪ್ಪೆಯ ಮೇಲಿನ ನೀಲಿ ಗೆರೆಯನ್ನು ಎಷ್ಟೋ ದಿನ ತಿಕ್ಕಿ ತೊಳೆಯಲಿಲ್ಲ. ಕೊಯ್ದು ಮುಗಿಸಬಹುದಾಗಿದ್ದ ಕಾಯಿಲೆಯ ಗುರುತು ಅದೊಂದೇ ಉಳಿದಿತ್ತು.

ನರದ ಡಾಕ್ಟರು ರಕ್ತ ನೋಡಿದರು, ಎದೆಯ ಸ್ಕ್ಯಾನ್ ಮಾಡಿಸಿದರು, ಈ ಕಾಯಿಲೆಯ ಕೆಲವರಿಗೆ ಅಲ್ಲಿ ಗಡ್ಡೆ ಇರುತ್ತದಂತೆ, ನನಗೆ ಇಲ್ಲವೆಂದರು. ಊಟಕ್ಕೆ ಮುಂಚೆ ಮಾತ್ರೆ ಶುರುವಾಯಿತು. ನುಂಗಿ ಸ್ವಲ್ಪ ಹೊತ್ತಿಗೆ ರೆಪ್ಪೆ ಏಳುತ್ತದೆ, ದವಡೆಗೆ ಬಲ ಬರುತ್ತದೆ. ಕೆಲವು ಗಂಟೆಗೆ ಮತ್ತೆ ಇಳಿಯುತ್ತದೆ. ಮೇಸ್ತ್ರಿ ನನಗೆ ಬೆಳಗಿನ ಹೊತ್ತು ಮಾತ್ರ ಚೈನ್ ಕೊಟ್ಟು, ಮಧ್ಯಾಹ್ನ ಗುಂಡಿ ಎಣಿಸಲು ಕೂರಿಸುತ್ತಾನೆ. ನನ್ನ ಕಣ್ಣು ನೋಡಿ ಅವನೇ ಹೇಳುತ್ತಾನೆ, "ಟೈಮಯಿಂದಿ, ಮಾತ್ರ ವೇಸ್ಕೋ." ಹೊತ್ತಾಯಿತು, ಮಾತ್ರೆ ತಗೋ ಎಂದು. ಅತ್ತೆ ರಾತ್ರಿ ಊಟಕ್ಕೆ ನನ್ನ ಎದುರೇ ಕೂರುತ್ತಾರೆ. ನನ್ನ ಕೈ ದವಡೆಗೆ ಹೋದರೆ ಅವರ ಕೈಯಲ್ಲಿನ ತುತ್ತು ನಿಂತುಬಿಡುತ್ತದೆ.

ಹಬ್ಬಕ್ಕೆ ತವರಿಗೆ ಹೋದೆ. ಹಿಟ್ಟು ತಿನ್ನಬಹುದು, ಆದರೆ ಮಾತ್ರೆಯ ಬಲ ಇರುವಾಗ, ಚೂರುಚೂರಾಗಿ, ಅಗಿದು, ನಿಧಾನ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ಹೂಂ ಎಂದು ಫೋನ್ ಇಟ್ಟಳು. ಆ ಸಂಜೆ ಹಿಟ್ಟು ತೊಳಸಿದಳು. ನನಗೆ ನಿಂಬೆಗಾತ್ರದ ಉಂಡೆಗಳನ್ನು ಮಾಡಿ ತಟ್ಟೆಗಿಟ್ಟಳು. ತನಗೊಂದು ಎಂದಿನ ಮುದ್ದೆ ಇಟ್ಟುಕೊಂಡು ಪಕ್ಕ ಕೂತಳು.

"ಮಾತ್ರೆ ತಕಂಡು ಎಷ್ಟೊತ್ತಾತು?"

"ಆಗ್ಲೇ ಆತಮ್ಮ."

"ಕಣ್ಣು ಬಿಡು ನೋಡಾನ."

ಬಿಟ್ಟೆ. ಎರಡೂ ಸಮ ಇವೆಯೇ ಎಂದು ನೋಡಿ, ತಿನ್ನು ಎಂದು ತಲೆಯಾಡಿಸಿದಳು. ಒಂದು ಚೂರು ಬಾಯಿಗಿಟ್ಟೆ. ನುಂಗಲು ಧೈರ್ಯ ಬರಲಿಲ್ಲ. ಅಗಿದೆ. ಹಲ್ಲಿಗೆ ಮೆತ್ತಿತು, ನಾಲಿಗೆಗೆ ಮೆತ್ತಿತು. ಗಂಟಲ ಬಾಗಿಲಿಗೆ ಬಂದಾಗ ಕಣ್ಣು ಮುಚ್ಚಿಕೊಂಡೆ. ಇಳಿಯಿತು. ಇನ್ನೊಂದು ಚೂರು ಇಟ್ಟುಕೊಂಡೆ. ದವಡೆಗೆ ತಟ್ಟುತ್ತಾಳೇನೋ ಎಂಬ ಚಿಕ್ಕಂದಿನ ಹೆದರಿಕೆಯಿಂದ ಓರೆಗಣ್ಣಿನಲ್ಲಿ ಅವಳ ಕಡೆ ನೋಡಿದೆ.

ಅಮ್ಮ ತಟ್ಟೆಯ ಮೇಲೆ ಬಗ್ಗಿದ್ದಳು. ಅವಳ ಕೆನ್ನೆ ಅಲ್ಲಾಡುತ್ತಿತ್ತು. ಅವಳೂ ಹಿಟ್ಟು ಅಗಿಯುತ್ತಿದ್ದಳು.